ಬ್ರೌಸರ್‌ನಲ್ಲಿ ಬೇರೂರಿದ ಆ್ಯಡ್‌ವೇರ್ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ಕಂಪ್ಯೂಟರ್ ದುರಸ್ತಿಯ ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿಯೊಂದನ್ನು ನಾನು ನಡೆಸುತ್ತೇನೆ. ಕಾರಟಗಿಯ ಅಕ್ಕಿ ಗಿರಣಿಯ ಲೆಕ್ಕದ ಕಂಪ್ಯೂಟರಿನಿಂದ ಹಿಡಿದು ಸಿಂಧನೂರಿನ ವಿದ್ಯಾರ್ಥಿಯ ಲ್ಯಾಪ್‌ಟಾಪಿನವರೆಗೆ ಇಲ್ಲಿಗೆ ಬರುವ ಹಲವು ಯಂತ್ರಗಳ ದೂರು ಒಂದೇ: ಬ್ರೌಸರ್ ತೆರೆದರೆ ಕೇಳದ ಜಾಹೀರಾತು, ಬೇಡದ ಹುಡುಕುತಾಣ, ತೆಗೆದರೂ ಹೋಗದ ಪುಟ. ಇದನ್ನು ಮಾಡುವ ತಂತ್ರಾಂಶವನ್ನೇ ಆ್ಯಡ್‌ವೇರ್ ಎನ್ನುತ್ತಾರೆ. ಅಂಗಡಿಯ ಮುಂದೆ ನಿಂತು, ಫೋನಿನಲ್ಲಿ, ಪತ್ರ ಮತ್ತು ಸಂದೇಶಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಬೇರೆಯಾಗಿ ಹೇಳದ ಕಡೆಗಳಲ್ಲೆಲ್ಲ ವಿಂಡೋಸ್ 10 ಅಥವಾ 11 ಮತ್ತು ಗೂಗಲ್ ಕ್ರೋಮ್ ಎಂದು ತಿಳಿಯಬೇಕು. ನಮ್ಮ ಕಡೆಯ ಯಂತ್ರಗಳಲ್ಲಿ ಮೆನುಗಳು ಇಂಗ್ಲಿಷಿನಲ್ಲೇ ಇರುವುದರಿಂದ ಅವುಗಳ ಹೆಸರನ್ನು ಅನುವಾದಿಸದೆ ಉಚ್ಚಾರದಂತೆಯೇ ಕೊಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಆ್ಯಡ್‌ವೇರ್ ಅಂದ್ರ ವೈರಸ್ಸೇ ಏನ್ರಿ?

ಎರಡೂ ಒಂದೇ ಅಲ್ಲ. ವೈರಸ್ ತನ್ನ ನಕಲನ್ನು ತಾನೇ ಮಾಡಿಕೊಂಡು ಒಂದು ಕಡತದಿಂದ ಇನ್ನೊಂದಕ್ಕೆ ಹರಡುತ್ತದೆ. ಆ್ಯಡ್‌ವೇರ್ ಸಾಮಾನ್ಯವಾಗಿ ಹಾಗೆ ಹರಡುವುದಿಲ್ಲ. ನಮ್ಮದೇ ಒಂದು ಕ್ಲಿಕ್ಕಿನಿಂದ ಒಳಗೆ ಬಂದು, ಬ್ರೌಸರಿನ ಮುಖಪುಟವನ್ನೋ ಹುಡುಕುತಾಣವನ್ನೋ ಬದಲಿಸಿ, ತೋರಿಸಿದ ಪ್ರತಿ ಜಾಹೀರಾತಿಗೆ ಇಷ್ಟು, ಒತ್ತಿದ ಪ್ರತಿ ಕ್ಲಿಕ್ಕಿಗೆ ಇಷ್ಟು ಎಂದು ತನ್ನ ಒಡೆಯನಿಗೆ ಹಣ ತಂದುಕೊಡುತ್ತದೆ. ಭದ್ರತಾ ಕಂಪನಿಗಳು ಇಂಥವನ್ನು ವೈರಸ್‌ಗಳ ಪಟ್ಟಿಯಲ್ಲಿ ಸೇರಿಸದೆ, ‘ಬೇಡವಾಗಿರಬಹುದಾದ ಪ್ರೋಗ್ರಾಂ’ ಎಂಬ ಬೇರೆ ಪಟ್ಟಿಯಲ್ಲಿ ಇಡುವುದು ವಾಡಿಕೆ. ಆದ್ದರಿಂದ ‘ಸ್ಕ್ಯಾನ್ ಮಾಡಿಸಿದೆ, ವೈರಸ್ ಇಲ್ಲ ಎಂದು ಬಂತು’ ಎನ್ನುವುದು ಆ್ಯಡ್‌ವೇರ್ ಇಲ್ಲ ಎಂಬುದಕ್ಕೆ ಸಾಕ್ಷಿಯಾಗದು. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’, ಅದರೊಳಗೆ ‘ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್’ ತೆರೆದು, ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಎಂಬುದು ಆನ್ ಆಗಿದೆಯೇ ಎಂದು ಇಂದೇ ನೋಡಿಕೊಳ್ಳಿ.

ನಾ ಏನೂ ಹಾಕಿಲ್ರಿ, ತಾನ ಹೆಂಗ ಬಂತು?

ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಹಾಕಿದ್ದು ಅವರ ಗಮನಕ್ಕೆ ಬಂದಿರುವುದಿಲ್ಲ, ಅಷ್ಟೆ. ನಾನು ಮತ್ತೆ ಮತ್ತೆ ಕಂಡ ದಾರಿಯೊಂದನ್ನು ವಿವರಿಸುತ್ತೇನೆ. ಡಿಟಿಪಿ ಕೆಲಸದ ಹುಡುಗ ಹೊಸ ಕಂಪ್ಯೂಟರಿಗೆ ‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶ ಬೇಕೆಂದು ಹುಡುಕುತ್ತಾನೆ. ಫಲಿತಾಂಶಗಳ ತಲೆಯ ಮೇಲೆ ಬರುವುದು ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣವೇ ಆಗಿರಬೇಕೆಂದಿಲ್ಲ. ಯಾವುದೋ ಪುಟದಲ್ಲಿ ದೊಡ್ಡ ಹಸಿರು ಗುಂಡಿಯೊಂದು ‘ಡೌನ್‌ಲೋಡ್’ ಎನ್ನುತ್ತದೆ, ನಿಜವಾದ ಕೊಂಡಿ ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಹಸಿರು ಗುಂಡಿಯಿಂದ ಇಳಿದ ಕಡತ ನುಡಿಯನ್ನು ಕೊಟ್ಟರೂ ಕೊಡಬಹುದು. ಜೊತೆಗೆ ಒಂದು ಹುಡುಕುಪಟ್ಟಿ, ಒಂದು ‘ವೇಗ ಹೆಚ್ಚಿಸುವ’ ಪ್ರೋಗ್ರಾಂ, ಒಂದು ಎಕ್ಸ್‌ಟೆನ್ಷನ್ (ಬ್ರೌಸರಿನೊಳಗೆ ಸೇರಿಕೊಳ್ಳುವ ಸಣ್ಣ ಪ್ರೋಗ್ರಾಂ) ಮೂರೂ ಬರುತ್ತವೆ. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುವಾಗ ಅವುಗಳಿಗೆ ಒಪ್ಪಿಗೆಯ ಗುರುತು ಮೊದಲೇ ಹಾಕಿರುತ್ತದೆ. ನುಡಿ ಮೂಲತಃ ಉಚಿತ ತಂತ್ರಾಂಶ, ಅದನ್ನು ಮಾಡಿದವರಿಂದಲೇ ಪಡೆಯಬಹುದು. ಕನ್ನಡ ಟೈಪಿಸುವುದಷ್ಟೇ ಬೇಕಿದ್ದರೆ 2019ರ ಮೇ ಅಪ್‌ಡೇಟ್‌ನಿಂದೀಚೆಗೆ ವಿಂಡೋಸ್ 10ರಲ್ಲೇ ಉಚ್ಚಾರಾಧಾರಿತ ಕನ್ನಡ ಕೀಲಿಮಣೆ ಇದೆ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ.

ಎರಡನೆಯ ದಾರಿ, ಹಣ ಕೊಡದೆ ಬಳಸುವ ನಕಲಿ ಲೆಕ್ಕದ ತಂತ್ರಾಂಶ, ಫೋಟೋ ತಂತ್ರಾಂಶ ಮತ್ತು ಕೊಳ್ಳದ ವಿಂಡೋಸನ್ನು ಕೊಂಡಂತೆ ತೋರಿಸುವ ವಿಂಡೋಸ್ ಆ್ಯಕ್ಟಿವೇಟರ್. ಇವನ್ನು ಹಾಕುವ ಮುನ್ನ ಆ್ಯಂಟಿವೈರಸ್ ಬಂದ್ ಮಾಡಿ ಎಂದು ಅದರ ಜೊತೆಯ ಚೀಟಿಯೇ ಹೇಳುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದ ಮೇಲೆ ಒಳಗೆ ಬಂದವರ ಲೆಕ್ಕ ಇಡುವವರು ಯಾರು?

ನಮ್ಮಂಥಾ ಸಣ್ಣ ಊರಿನ ಕಂಪ್ಯೂಟರಿನಿಂದ ಅವರಿಗೇನು ಸಿಗತೈತಿ?

ಅವರು ಊರನ್ನು ನೋಡುವುದಿಲ್ಲ, ಎಣಿಕೆಯನ್ನು ನೋಡುತ್ತಾರೆ. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿ ‘ಫೈರ್‌ಬಾಲ್’ ಎಂಬ ಆ್ಯಡ್‌ವೇರ್ ಬಗ್ಗೆ ವರದಿ ಮಾಡಿ, ಜಗತ್ತಿನಾದ್ಯಂತ 25 ಕೋಟಿ ಕಂಪ್ಯೂಟರ್‌ಗಳಲ್ಲಿ ಅದು ಹರಡಿದೆ, ಅವುಗಳಲ್ಲಿ ಸುಮಾರು ಎರಡೂವರೆ ಕೋಟಿ ಭಾರತದಲ್ಲೇ ಇವೆ ಎಂದು ಅಂದಾಜಿಸಿತು. ಆ ಸಂಖ್ಯೆ ಅತಿಯಾಯಿತೆಂದು ಮೈಕ್ರೋಸಾಫ್ಟ್ ಆಮೇಲೆ ಹೇಳಿತು. ಸಂಖ್ಯೆಯ ತಕರಾರು ಏನೇ ಇರಲಿ, ಮುಖಪುಟ ಬದಲಿಸುವ ಆ ಸಣ್ಣ ಪ್ರೋಗ್ರಾಂ ಮನಸ್ಸು ಮಾಡಿದರೆ ಬೇರೆ ಯಾವುದೇ ಕಡತವನ್ನು ಯಂತ್ರಕ್ಕೆ ಇಳಿಸಬಲ್ಲದಾಗಿತ್ತು ಎಂಬುದೇ ನನ್ನನ್ನು ಹೆಚ್ಚು ಕಾಡಿದ ವಿಷಯ. ಕಲ್ಯಾಣ ಕರ್ನಾಟಕದ ಒಂದು ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ ಏನೇನು ಇರುತ್ತದೆಂದು ಯೋಚಿಸಿ: ಊರವರ ಆಧಾರ್ ಪ್ರತಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಆ್ಯಡ್‌ವೇರ್ ಇರುವ ಯಂತ್ರದಲ್ಲಿ ಇಂಥ ಕೆಲಸ ಮಾಡುವುದು ನಮ್ಮನ್ನು ನಂಬಿ ಬಂದವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

## ಮನೆಯಲ್ಲೇ ಮಾಡಬಹುದಾದದ್ದು

ಬಲಗಡೆ ಕೆಳಗ ‘ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್ ಇವೆ’ ಅಂತ ಬರ್ತಾನೇ ಇರ್ತದ. ಏನು ಮಾಡಲಿ?

ಹೆದರಬೇಡಿ. ಇದು ಬಹುಪಾಲು ಯಾವುದೋ ತಾಣಕ್ಕೆ ನೀವು ಕೊಟ್ಟ ನೋಟಿಫಿಕೇಷನ್ ಅನುಮತಿ ಮಾತ್ರ. ಸಿನಿಮಾ ನೋಡುವ ಪುಟದಲ್ಲೋ ಫಲಿತಾಂಶದ ನಕಲಿ ಪುಟದಲ್ಲೋ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಕೇಳಿರುತ್ತಾರೆ, ನೀವು ಒತ್ತಿರುತ್ತೀರಿ. ಅಂದಿನಿಂದ ಆ ತಾಣ ನಿಮ್ಮ ಪರದೆಗೆ ಚೀಟಿ ಕಳಿಸುತ್ತಲೇ ಇರುತ್ತದೆ. ಚೀಟಿಯನ್ನು ಸರಿಯಾಗಿ ನೋಡಿದರೆ ಅದರಲ್ಲಿ ಬ್ರೌಸರಿನ ಹೆಸರೂ ಕಳಿಸಿದ ತಾಣದ ವಿಳಾಸವೂ ಇರುತ್ತವೆ.

ಕ್ರೋಮಿನ ಬಲ ಮೇಲ್ತುದಿಯ ಮೂರು ಚುಕ್ಕೆ ಒತ್ತಿ, ‘ಸೆಟ್ಟಿಂಗ್ಸ್’, ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ ಎಂಬ ಕ್ರಮದಲ್ಲಿ ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ನೀವು ಗುರುತಿಸಲಾಗದ ಪ್ರತಿಯೊಂದನ್ನೂ ‘ಬ್ಲಾಕ್’ ಮಾಡಿ. ‘ರಿಮೂವ್’ ಮಾಡಿದರೆ ಅದು ಮತ್ತೊಮ್ಮೆ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳಲಾರದು. ಅದೇ ಪುಟದಲ್ಲಿ ಯಾವ ತಾಣವೂ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಇದೆ. ವಯಸ್ಸಾದವರ ಕಂಪ್ಯೂಟರಿಗೆ ನಾನು ಅದನ್ನೇ ಹಾಕಿಕೊಡುತ್ತೇನೆ. ಫೈರ್‌ಫಾಕ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯ ಕೆಳಭಾಗದ ‘ಪರ್ಮಿಷನ್ಸ್’ ನೋಡಬೇಕು.

ಸೈರನ್ ಹೊಡೆದುಕೊಂಡು ಪರದೆ ತುಂಬಾ ಕೆಂಪಾಯಿತು, ಒಂದು ನಂಬರಿಗೆ ಫೋನ್ ಮಾಡಿ ಅಂತ ಇದೆ. ಮಾಡಬೇಕಾ?

ಮಾಡಬಾರದು. ಅದು ಒಂದು ವೆಬ್ ಪುಟ ಮಾತ್ರ. ಯಾವ ನಿಜವಾದ ಭದ್ರತಾ ಎಚ್ಚರಿಕೆಯೂ ಫೋನ್ ನಂಬರು ಕೊಡುವುದಿಲ್ಲ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಪೂರ್ಣ ಪರದೆ ಬಿಟ್ಟುಕೊಡುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ‘ಎಂಡ್ ಟಾಸ್ಕ್’ ಮಾಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ‘ರಿಸ್ಟೋರ್’ ಮಾಡಲೇ ಎಂದು ಕೇಳಿದರೆ ಬೇಡವೆನ್ನಿ. ಕರೆ ಮಾಡಿ, ಅವರು ಹೇಳಿದ ದೂರನಿಯಂತ್ರಣದ ಆ್ಯಪ್ ಹಾಕಿಕೊಂಡಿದ್ದರೆ ಕೂಡಲೇ ಇಂಟರ್‌ನೆಟ್ ಕಡಿದು ಬ್ಯಾಂಕಿಗೆ ತಿಳಿಸಿ.

ಹಿಸ್ಟರಿ, ಕ್ಯಾಶ್ ಎಲ್ಲಾ ಅಳಿಸಿದೆ. ಸಾಲದೇ?

ಸಾಲದು. ಹಿಸ್ಟರಿ ನೀವು ಹೋಗಿ ಬಂದ ಜಾಗಗಳ ಪಟ್ಟಿ, ಕ್ಯಾಶ್ ಆ ಪುಟಗಳ ತಾತ್ಕಾಲಿಕ ಪ್ರತಿ. ಜಾಹೀರಾತು ತರುವ ಎಕ್ಸ್‌ಟೆನ್ಷನ್ ಆಗಲಿ, ನೋಟಿಫಿಕೇಷನ್ ಅನುಮತಿಯಾಗಲಿ, ವಿಂಡೋಸ್‌ನಲ್ಲಿ ಕುಳಿತ ಪ್ರೋಗ್ರಾಂ ಆಗಲಿ ಅವುಗಳಲ್ಲಿ ಇರುವುದಿಲ್ಲ.

ಎಕ್ಸ್‌ಟೆನ್ಷನ್‌ಗಳಲ್ಲಿ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಗೆ ಗುರುತಿಸೋದು?

ಹೆಸರು ನೋಡಿ ಗುರುತಿಸಲಾಗದು. ‘ಪಿಡಿಎಫ್ ಪರಿವರ್ತಕ’, ‘ಹವಾಮಾನ’, ‘ವಿಡಿಯೋ ಇಳಿಸುವ ಸಾಧನ’ ಎಂಬಂಥ ಸಾಧು ಹೆಸರುಗಳೇ ಹೆಚ್ಚಾಗಿ ಇರುತ್ತವೆ. ನಾನು ಗ್ರಾಹಕರಿಗೆ ಕೇಳುವುದು ಒಂದೇ ಪ್ರಶ್ನೆ: ‘ಇದನ್ನು ಯಾವ ಕೆಲಸಕ್ಕೆ ಹಾಕಿಕೊಂಡಿರಿ?’ ಉತ್ತರ ಬರದಿದ್ದರೆ ಅದು ಹೋಗಬೇಕು. ಉತ್ತರ ಬಂದರೂ ‘ಡಿಟೇಲ್ಸ್’ ಒತ್ತಿ ಅನುಮತಿಗಳನ್ನು ಓದುತ್ತೇನೆ. ಎಲ್ಲ ತಾಣಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿ ಹವಾಮಾನ ತೋರಿಸುವುದಕ್ಕೆ ಬೇಕಿಲ್ಲ.

ಇಂದು ಒಳ್ಳೆಯದಾಗಿರುವುದು ನಾಳೆಯೂ ಹಾಗೇ ಇರುತ್ತದೆಂಬ ಭರವಸೆಯೂ ಇಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮರಿ ಉಳಿಸುತ್ತಿತ್ತು, ಲಕ್ಷಾಂತರ ಜನ ಅದನ್ನು ಮೆಚ್ಚಿ ಬಳಸುತ್ತಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ದುರುದ್ದೇಶದ ಕೋಡ್ ಇದೆಯೆಂದು ಗೂಗಲ್ ಅದನ್ನು ಕಿತ್ತುಹಾಕಿತು. ಬಳಸುವವರು ಹೊಸದಾಗಿ ಏನನ್ನೂ ಒತ್ತಿರಲಿಲ್ಲ, ಅಪ್‌ಡೇಟ್ ತಾನಾಗಿ ಬಂದಿತ್ತು. ಅದಕ್ಕೇ ಎಕ್ಸ್‌ಟೆನ್ಷನ್‌ಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಯಾವುದನ್ನು ಮೊದಲು ತೆಗೀಬೇಕು, ಯಾವುದನ್ನು ಆಮೇಲೆ?

ಕ್ರಮ ಬಹಳ ಮುಖ್ಯ, ಏಕೆಂದರೆ ಹಾಕುವ ಕೈಯನ್ನು ಬಿಟ್ಟು ಹಾಕಿದ ವಸ್ತುವನ್ನಷ್ಟೇ ತೆಗೆದರೆ ಶ್ರಮ ವ್ಯರ್ಥವಾಗುತ್ತದೆ. ಮೊದಲು ಬ್ರೌಸರನ್ನು ಪೂರ್ತಿ ಮುಚ್ಚಿ. ವಿಂಡೋಸ್ ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದ ಅಪರಿಚಿತ ಪ್ರೋಗ್ರಾಂಗಳನ್ನು ತೆಗೆಯಿರಿ. ಒಂದೇ ದಿನ ನಾಲ್ಕೈದು ಬಂದಿದ್ದರೆ ಅವು ಒಂದೇ ಗಂಟಿನವು ಎಂದು ಅನುಮಾನಿಸಬಹುದು. ಅನ್‌ಇನ್‌ಸ್ಟಾಲ್ ಮಾಡುವಾಗ ‘ಉಳಿಸಿಕೊಳ್ಳಿ’ ಎಂಬ ಗುಂಡಿಯನ್ನು ದೊಡ್ಡದಾಗಿಯೂ ‘ತೆಗೆಯಿರಿ’ ಎಂಬುದನ್ನು ಮಂಕಾಗಿಯೂ ತೋರಿಸುವವು ಇವೆ, ಪ್ರತಿ ಸಾಲನ್ನೂ ಓದಿ. ಆಮೇಲೆ ಯಂತ್ರವನ್ನು ರಿಸ್ಟಾರ್ಟ್ ಮಾಡಿ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಿರಿ. ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್‌ನ ‘ರಿಸೆಟ್ ಸೆಟ್ಟಿಂಗ್ಸ್’ ಒತ್ತಿ. ಇದು ಮುಖಪುಟ, ಹುಡುಕುತಾಣಗಳನ್ನು ಮೊದಲಿನಂತೆ ಮಾಡಿ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸುತ್ತದೆ, ಬುಕ್‌ಮಾರ್ಕ್ ಮತ್ತು ಉಳಿಸಿದ ಪಾಸ್‌ವರ್ಡ್‌ಗಳನ್ನು ಮುಟ್ಟುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ರಿಫ್ರೆಶ್ ಫೈರ್‌ಫಾಕ್ಸ್’ ಇದೆ.

ಕ್ರೋಮ್ ಒಳಗೇ ಸ್ವಚ್ಛ ಮಾಡೋ ಸಾಧನ ಐತಿ ಅಂತ ವಿಡಿಯೋದಾಗ ನೋಡಿದೆ. ನನ್ನಲ್ಲಿ ಕಾಣವಲ್ದು.

ನಿಮ್ಮ ತಪ್ಪಲ್ಲ, ವಿಡಿಯೋ ಹಳೆಯದು. ಆ ಸಾಧನವನ್ನು ಗೂಗಲ್ 2023ರಲ್ಲಿ, ಕ್ರೋಮ್ 111ನೇ ಆವೃತ್ತಿಯಿಂದ ತೆಗೆದುಹಾಕಿತು. ಈಗ ನಾನು ಬಳಸುವುದು ಎರಡು. ಒಂದು, ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯುಕ್ಲೀನರ್: ಉಚಿತ, ಇನ್‌ಸ್ಟಾಲ್ ಮಾಡಬೇಕಿಲ್ಲ, ಈ ಬಗೆಯ ಕಸವನ್ನೇ ಗುರಿಯಾಗಿ ಹುಡುಕುತ್ತದೆ, ಸಿಕ್ಕಿದ್ದನ್ನು ಅಳಿಸದೆ ಮೊದಲು ಕ್ವಾರಂಟೈನ್‌ನಲ್ಲಿ ಬೇರೆಯಾಗಿ ಇಡುವುದರಿಂದ ತಪ್ಪಾಗಿ ಹೋದದ್ದನ್ನು ಮರಳಿ ಪಡೆಯಬಹುದು. ಇನ್ನೊಂದು, ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನ್: ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷಿಸುವುದರಿಂದ, ಬಚ್ಚಿಟ್ಟುಕೊಳ್ಳುವವೂ ಸಿಗುತ್ತವೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸಾಧನಗಳಿವೆ. ಯಾವುದನ್ನೇ ಆಗಲಿ ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಿ. ಸೋಂಕು ತಗುಲಿದ ಬ್ರೌಸರಿನಲ್ಲಿ ‘ಆ್ಯಡ್‌ವೇರ್ ತೆಗೆಯುವ ಸಾಧನ’ ಎಂದು ಹುಡುಕಿದರೆ ಆ ಫಲಿತಾಂಶಗಳನ್ನು ತೋರಿಸುವುದು ಆ್ಯಡ್‌ವೇರೇ ಆಗಿರಬಹುದು. ಇನ್ನೊಂದು ಸ್ವಚ್ಛ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತರುವುದು ಕ್ಷೇಮ.

ಆ್ಯಡ್ ಬ್ಲಾಕರ್ ಹಾಕಿಬಿಟ್ಟರ ಸಾಕಲ್ಲ?

ಅದು ತಡೆಯುವುದು ತಾಣಗಳು ತೋರಿಸುವ ಜಾಹೀರಾತನ್ನು. ನಿಮ್ಮ ಯಂತ್ರದೊಳಗಿನಿಂದಲೇ ಬರುವುದನ್ನು ಅದು ಮರೆಮಾಡಿದರೂ ಮೂಲ ಹಾಗೇ ಉಳಿಯುತ್ತದೆ. ಸ್ವಚ್ಛ ಮಾಡಿದ ಮೇಲೆ ಹಾಕಿಕೊಂಡರೆ ನಕಲಿ ಡೌನ್‌ಲೋಡ್ ಗುಂಡಿಗಳು ಕಣ್ಣಿಗೆ ಬೀಳದಂತೆ ಮಾಡುವುದರಿಂದ ಉಪಯೋಗವಿದೆ. ಪ್ರಸಿದ್ಧ ಬ್ಲಾಕರ್‌ಗಳ ಹೆಸರನ್ನೇ ಹೋಲುವ ನಕಲಿಗಳು ಇವೆ, ಆದ್ದರಿಂದ ಮಾಡಿದವರ ಹೆಸರನ್ನು ನೋಡಿಯೇ ಹಾಕಿಕೊಳ್ಳಿ.

ಫೋನಿನಾಗೂ ಹಿಂಗ ಆಗೈತಿ.

ಬ್ರೌಸರ್ ತೆರೆಯದಿದ್ದಾಗಲೂ ಪರದೆ ತುಂಬಾ ಜಾಹೀರಾತು ಬರುತ್ತಿದ್ದರೆ ಕಾರಣ ಬ್ರೌಸರಲ್ಲ, ಯಾವುದೋ ಆ್ಯಪ್. ಪವರ್ ಗುಂಡಿ ಒತ್ತಿ ಹಿಡಿದು, ಪರದೆಯ ಮೇಲೆ ಬರುವ ‘ಪವರ್ ಆಫ್’ ಅನ್ನೂ ಒತ್ತಿ ಹಿಡಿದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಸೇಫ್ ಮೋಡ್‌ಗೆ ಹೋಗುತ್ತವೆ. ಅಲ್ಲಿ ಜಾಹೀರಾತು ನಿಂತರೆ ನೀವು ಹಾಕಿಕೊಂಡ ಆ್ಯಪ್ ಒಂದರದೇ ಕೆಲಸ. ಇತ್ತೀಚೆಗೆ ಬಂದವನ್ನು ಒಂದೊಂದಾಗಿ ತೆಗೆಯಿರಿ. ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಅನುಮತಿ ಪಡೆದವನ್ನು ಮೊದಲು ಅನುಮಾನಿಸಿ.

## ತೆಗೆದರೂ ಮರಳಿ ಬರುವಾಗ

ಎಷ್ಟು ಸಲ ತೆಗೆದ್ರೂ ಮತ್ತ ಬರ್ತೈತಿ, ಯಾಕ್ರಿ?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಗಳಲ್ಲಿ ಜೇಕು ಕಿತ್ತವರಿಗೆ ಇದರ ಉತ್ತರ ಗೊತ್ತು: ಮೇಲಿನ ಹುಲ್ಲನ್ನು ಎಷ್ಟು ಕೊಯ್ದರೂ ಮಣ್ಣೊಳಗಿನ ಗಡ್ಡೆ ಉಳಿದರೆ ವಾರದಲ್ಲಿ ಮತ್ತೆ ಚಿಗುರುತ್ತದೆ. ಬ್ರೌಸರಿನಲ್ಲಿ ಕಾಣುವ ಜಾಹೀರಾತು ಆ ಹುಲ್ಲು. ಗಡ್ಡೆ ಬ್ರೌಸರಿನ ಹೊರಗೆ ಎಲ್ಲೋ ಇದೆ, ನೀವು ತೆಗೆದದ್ದನ್ನು ಅದು ಮರಳಿ ಹಾಕುತ್ತಿದೆ. ಆದ್ದರಿಂದ ‘ಇದನ್ನು ಹೇಗೆ ತೆಗೆಯಲಿ’ ಎಂದು ಕೇಳುವುದನ್ನು ಬಿಟ್ಟು ‘ಇದನ್ನು ಯಾರು ಮರಳಿ ಹಾಕುತ್ತಿದ್ದಾರೆ’ ಎಂದು ಕೇಳಿಕೊಳ್ಳಬೇಕು.

ಅದು ಯಾವಾಗ ಮರಳುತ್ತದೆ ಎಂಬುದನ್ನು ಗಮನಿಸಿದರೆ ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ. ಗೂಗಲ್ ಖಾತೆಗೆ ಲಾಗಿನ್ ಆದ ಕೂಡಲೇ ಬಂದರೆ ಸಿಂಕ್. ಕಂಪ್ಯೂಟರ್ ರಿಸ್ಟಾರ್ಟ್ ಆದ ಮೇಲೆ ಬಂದರೆ ಸ್ಟಾರ್ಟ್‌ಅಪ್‌ನಲ್ಲಿ ಕುಳಿತ ಪ್ರೋಗ್ರಾಂ. ಗೊತ್ತಾದ ಹೊತ್ತಿಗೆ ಬಂದರೆ ಟಾಸ್ಕ್ ಶೆಡ್ಯೂಲರ್. ತೆಗೆಯುವ ಗುಂಡಿಯೇ ಇಲ್ಲದಿದ್ದರೆ ಪಾಲಿಸಿ. ಒಂದು ಐಕಾನಿನಿಂದ ತೆರೆದರೆ ಮಾತ್ರ ಬಂದರೆ ಶಾರ್ಟ್‌ಕಟ್. ಒಂದು ವೈಫೈನಲ್ಲಿ ಮಾತ್ರ ಬಂದರೆ ರೂಟರ್. ಇವೆಲ್ಲ ಏನೆಂದು ಮುಂದಿನ ಉತ್ತರಗಳಲ್ಲಿ ಹೇಳಿದ್ದೇನೆ. ಎರಡು ದಿನ ಸುಮ್ಮನೆ ಗಮನಿಸಿ ಚೀಟಿಯಲ್ಲಿ ಬರೆದುಕೊಂಡು ಬಂದ ಗ್ರಾಹಕರ ಯಂತ್ರವನ್ನು ನಾನು ಅರ್ಧ ಹೊತ್ತಿನಲ್ಲಿ ಸರಿಮಾಡಿಕೊಟ್ಟಿದ್ದೇನೆ.

ಕ್ರೋಮ್ ಪೂರಾ ತೆಗೆದು ಹೊಸದಾಗಿ ಹಾಕಿದೆ, ಆದರೂ ಅದೇ. ಹೇಗೆ ಸಾಧ್ಯ?

ಕ್ರೋಮ್ ತೆಗೆದರೂ ನಿಮ್ಮ ಸೆಟ್ಟಿಂಗ್, ಎಕ್ಸ್‌ಟೆನ್ಷನ್‌ಗಳಿರುವ ಪ್ರೊಫೈಲ್ ಫೋಲ್ಡರ್ ಡಿಸ್ಕಿನಲ್ಲಿ ಉಳಿಯುತ್ತದೆ, ತೆಗೆಯುವಾಗ ಬ್ರೌಸಿಂಗ್ ಡೇಟಾವನ್ನೂ ಅಳಿಸುವ ಗುರುತು ಹಾಕಿರದಿದ್ದರೆ. ಹೊಸ ಕ್ರೋಮ್ ಬಂದು ಅದೇ ಹಳೆಯ ಪ್ರೊಫೈಲನ್ನು ಎತ್ತಿಕೊಳ್ಳುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರೆಜಿಸ್ಟ್ರಿಯಲ್ಲಿ ಬರೆದ ಪಾಲಿಸಿಯೂ (ಇದರ ವಿವರ ಮುಂದಿದೆ) ಹಾಗೆಯೇ ಕಾದಿರುತ್ತದೆ.

ಸರಿ ಮಾಡಿಸಿಕೊಂಡು ಮನೆಗೆ ಹೋದೆ, ಜಿಮೇಲ್ ಲಾಗಿನ್ ಆದ ಕೂಡಲೇ ಮತ್ತೆ ಬಂತು.

ನಿಮ್ಮ ಖಾತೆಯಲ್ಲಿ ಸಿಂಕ್ ಆನ್ ಆಗಿದ್ದರೆ ಎಕ್ಸ್‌ಟೆನ್ಷನ್‌ಗಳೂ ಸೆಟ್ಟಿಂಗ್‌ಗಳೂ ಖಾತೆಯ ಜೊತೆಗೇ ಪ್ರಯಾಣ ಮಾಡುತ್ತವೆ. ಅದೇ ಖಾತೆಯನ್ನು ತಮ್ಮನ ಲ್ಯಾಪ್‌ಟಾಪಿನಲ್ಲೋ ಕಚೇರಿಯ ಕಂಪ್ಯೂಟರಿನಲ್ಲೋ ತೆರೆದಿಟ್ಟಿದ್ದರೆ, ಅಲ್ಲಿಯ ಸೋಂಕು ಇಲ್ಲಿಗೆ ಇಳಿಯುತ್ತದೆ. ಎಲ್ಲ ಯಂತ್ರಗಳಲ್ಲೂ ಸಿಂಕ್ ನಿಲ್ಲಿಸಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸ್ವಚ್ಛ ಮಾಡಿ. ಒಂದು ಸ್ವಚ್ಛ ಯಂತ್ರದಲ್ಲಿ ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡ ಬಳಿಕ, ಖಾತೆಯ ಸಿಂಕ್ ಮಾಹಿತಿಯ ಪುಟದ ಕೊನೆಯಲ್ಲಿರುವ ಗುಂಡಿಯಿಂದ ಗೂಗಲ್ ಸರ್ವರಿನಲ್ಲಿರುವ ಪ್ರತಿಯನ್ನು ಅಳಿಸಿ. ಯಂತ್ರದಲ್ಲಿರುವುದು ಇದರಿಂದ ಅಳಿಯುವುದಿಲ್ಲ. ಆಮೇಲೆ ಆ ಸ್ವಚ್ಛ ಯಂತ್ರದಿಂದಲೇ ಸಿಂಕ್ ಮತ್ತೆ ಆರಂಭಿಸಿ.

‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್’ ಅಂತ ಬರ್ತದ. ನಮ್ಮದು ಬಳ್ಳಾರಿಯಲ್ಲಿ ಹತ್ತು ಮಿಷಿನ್ನಿನ ಜೀನ್ಸ್ ಘಟಕ, ಯಾವ ಆರ್ಗನೈಸೇಷನ್ನೂ ಇಲ್ಲ.

ದೊಡ್ಡ ಕಚೇರಿಗಳು ತಮ್ಮ ನೂರಾರು ಕಂಪ್ಯೂಟರ್‌ಗಳ ಕ್ರೋಮನ್ನು ಒಂದೇ ಕಡೆಯಿಂದ ನಿಯಂತ್ರಿಸಲು ‘ಪಾಲಿಸಿ’ ಎಂಬ ವ್ಯವಸ್ಥೆಯಿದೆ. ಆ್ಯಡ್‌ವೇರ್ ಅದೇ ಬಾಗಿಲಿನಿಂದ ಬಂದು, ತಾನೇ ಈ ಕಂಪ್ಯೂಟರಿನ ಆಡಳಿತಗಾರ ಎಂದು ಬರೆದುಕೊಳ್ಳುತ್ತದೆ. ಆಗ ಎಕ್ಸ್‌ಟೆನ್ಷನ್ ಪಕ್ಕದಲ್ಲಿ ‘ರಿಮೂವ್’ ಗುಂಡಿಯೇ ಇರುವುದಿಲ್ಲ. ಆದರೆ ಕಂಪ್ಯೂಟರ್ ಕಾಲೇಜಿನದೋ ಬ್ಯಾಂಕಿನದೋ ಆಗಿದ್ದರೆ ಆ ಸಾಲು ಸಹಜವಾದದ್ದು, ಕೈಹಾಕಬೇಡಿ. ಕೆಲವು ಆ್ಯಂಟಿವೈರಸ್‌ಗಳಿಂದಲೂ ಅದು ಬರಬಹುದು.

ಖಚಿತಪಡಿಸಿಕೊಳ್ಳಲು ವಿಳಾಸ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಕ್ರೋಮ್’, ನಂತರ ಕೋಲನ್, ಎರಡು ಓರೆಗೆರೆ, ನಂತರ ‘ಪಾಲಿಸಿ’ ಎಂದು ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ‘ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಎಂಬ ಸಾಲಿದ್ದರೆ, ಅದರ ಎದುರಿಗೆ 32 ಅಕ್ಷರಗಳ ಗುರುತೊಂದು ಇರುತ್ತದೆ. ಎಕ್ಸ್‌ಟೆನ್ಷನ್ ಪುಟದಲ್ಲಿ ‘ಡೆವಲಪರ್ ಮೋಡ್’ ಆನ್ ಮಾಡಿದರೆ ಪ್ರತಿ ಎಕ್ಸ್‌ಟೆನ್ಷನ್‌ನ ಗುರುತೂ ಕಾಣುತ್ತದೆ. ಎರಡೂ ಹೊಂದಿದರೆ ಕಳ್ಳ ಸಿಕ್ಕಂತೆ.

ಮೊದಲು ಅಪರಿಚಿತ ಪ್ರೋಗ್ರಾಂಗಳನ್ನು ತೆಗೆದಿರಬೇಕು, ಇಲ್ಲದಿದ್ದರೆ ಅಳಿಸಿದ್ದನ್ನು ಅವು ಮತ್ತೆ ಬರೆಯುತ್ತವೆ. ಆಮೇಲೆ ರೆಜಿಸ್ಟ್ರಿ ಎಡಿಟರಿನಲ್ಲಿ ‘ಹೆಚ್‌ಕೀ ಲೋಕಲ್ ಮಷೀನ್’, ‘ಸಾಫ್ಟ್‌ವೇರ್’, ‘ಪಾಲಿಸೀಸ್’, ‘ಗೂಗಲ್’, ‘ಕ್ರೋಮ್’ ಎಂಬ ದಾರಿಯಲ್ಲಿ ಹೋಗಿ, ಆ ‘ಕ್ರೋಮ್’ ಕೀಯನ್ನು ‘ಎಕ್ಸ್‌ಪೋರ್ಟ್’ ಮಾಡಿ ಪ್ರತಿಯಿಟ್ಟುಕೊಂಡು, ನಂತರ ಅಳಿಸಿ. ‘ಹೆಚ್‌ಕೀ ಕರೆಂಟ್ ಯೂಸರ್’ ಅಡಿಯಲ್ಲೂ ಇದೇ ದಾರಿಯನ್ನು ನೋಡಿ. ಎಡ್ಜ್ ಆದರೆ ‘ಪಾಲಿಸೀಸ್’ ಒಳಗೆ ‘ಮೈಕ್ರೋಸಾಫ್ಟ್’, ‘ಎಡ್ಜ್’. ರೆಜಿಸ್ಟ್ರಿಯಲ್ಲಿ ಒಂದು ಸಾಲು ತಪ್ಪಿದರೂ ವಿಂಡೋಸ್ ಏಳದಿರಬಹುದು, ಆದ್ದರಿಂದ ಮೊದಲ ಸಲ ಮಾಡುವವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಡೆಸ್ಕ್‌ಟಾಪಿನ ಐಕಾನ್ ಒತ್ತಿದರೆ ಮಾತ್ರ ಬೇರೆ ಪುಟ ತೆರೀತದ.

ಶಾರ್ಟ್‌ಕಟ್ಟನ್ನೇ ತಿದ್ದಿದ್ದಾರೆ. ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದು ‘ಟಾರ್ಗೆಟ್’ ಸಾಲನ್ನು ಕೊನೆಯವರೆಗೆ ನೋಡಿ. ಕ್ರೋಮ್ ಕಡತದ ಹೆಸರು ಮುಗಿದ ಮೇಲೆ ಯಾವುದಾದರೂ ತಾಣದ ವಿಳಾಸ ಅಂಟಿಕೊಂಡಿದ್ದರೆ ಅದನ್ನಷ್ಟೇ ಅಳಿಸಿ. ಟಾಸ್ಕ್‌ಬಾರಿನ ಐಕಾನ್ ಬೇರೆ ಶಾರ್ಟ್‌ಕಟ್. ಅದನ್ನು ಅನ್‌ಪಿನ್ ಮಾಡಿ ಹೊಸದಾಗಿ ಪಿನ್ ಮಾಡಬೇಕು.

## ಇನ್ನೂ ಆಳಕ್ಕೆ ಇಳಿಯುವಾಗ

ದಿನಾ ಒಂದೇ ಹೊತ್ತಿಗೆ ತಾನಾಗೇ ಬ್ರೌಸರ್ ತೆರೆದುಕೊಳ್ಳುತ್ತದೆ. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ.

ಆ ಕಪ್ಪು ಕಿಟಕಿಯನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ಗೊತ್ತಾದ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ಒಂದು ಆಜ್ಞೆ ಓಡುತ್ತಿದೆ ಎಂಬುದರ ಲಕ್ಷಣ ಅದು. 2022ರಲ್ಲಿ ಹರಡಿದ ‘ಕ್ರೋಮ್‌ಲೋಡರ್’ ಎಂಬ ಆ್ಯಡ್‌ವೇರ್ ಹೀಗೆಯೇ ಕೆಲಸ ಮಾಡುತ್ತಿತ್ತು: ನಕಲಿ ಆಟ, ಸಿನಿಮಾಗಳ ಹೆಸರಿನ ಐಎಸ್‌ಒ (ಡಿಸ್ಕಿನ ಪ್ರತಿಯಂಥ) ಕಡತದಲ್ಲಿ ಬಂದು, ನಿಗದಿತ ಟಾಸ್ಕ್ ಒಂದನ್ನು ಮಾಡಿಕೊಂಡು, ವಿಂಡೋಸ್‌ನದೇ ಆಜ್ಞಾ ಸಾಧನವಾದ ಪವರ್‌ಶೆಲ್‌ನ ಆಜ್ಞೆಯಿಂದ ಎಕ್ಸ್‌ಟೆನ್ಷನ್ನನ್ನು ಮತ್ತೆ ಮತ್ತೆ ತುಂಬುತ್ತಿತ್ತು.

ಇದಕ್ಕೆ ನಾನು ನೆಚ್ಚುವ ಸಾಧನ ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಮೂಹದ ‘ಆಟೋರನ್ಸ್’. ಯಂತ್ರದಲ್ಲಿ ತಾನಾಗಿ ಏಳುವ ಎಲ್ಲವನ್ನೂ ಅದು ಒಂದೇ ಕಡೆ ತೋರಿಸುತ್ತದೆ. ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. ಬ್ರೌಸರಿಗೆ ತಾಣದ ವಿಳಾಸ ಕೊಟ್ಟು ತೆರೆಸುವ ಟಾಸ್ಕ್, ಅರ್ಥವಿಲ್ಲದ ಅಕ್ಷರಗಳ ಹೆಸರು, ‘ಆ್ಯಪ್‌ಡೇಟಾ’ ಫೋಲ್ಡರಿನಿಂದ ಓಡುವ, ತಯಾರಕರ ಡಿಜಿಟಲ್ ಸಹಿಯಿಲ್ಲದ ಕಡತ, ಇವನ್ನು ಅನುಮಾನಿಸಿ. ಕೂಡಲೇ ಅಳಿಸಬೇಡಿ, ಎದುರಿನ ಗುರುತು ತೆಗೆದು ಒಂದೆರಡು ದಿನ ನೋಡಿ. ಪ್ರಿಂಟರಿನದೋ ಬೆರಳಚ್ಚು ಯಂತ್ರದದೋ ಸಾಲನ್ನು ತಪ್ಪಾಗಿ ನಿಲ್ಲಿಸಿದ್ದರೆ ಗುರುತನ್ನು ಮರಳಿ ಹಾಕಿದರಾಯಿತು.

ಮನೆಯ ವೈಫೈನಾಗ ಎಲ್ಲಾ ಫೋನಿಗೂ ಜಾಹೀರಾತು ಬರ್ತೈತಿ. ಕಂಪ್ಯೂಟರ್ ಒಂದೇ ಅಲ್ಲ.

ಅದೇ ಫೋನಿನಲ್ಲಿ ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿ ಅದೇ ಪುಟ ತೆರೆಯಿರಿ. ಜಾಹೀರಾತು ನಿಂತರೆ ತೊಂದರೆ ಇರುವುದು ರೂಟರಿನಲ್ಲಿ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಎಂಬ ವ್ಯವಸ್ಥೆಯ ವಿಳಾಸವನ್ನು ಯಾರೋ ಬದಲಿಸಿರುತ್ತಾರೆ. ನೀವು ಕೇಳಿದ ಊರಿಗೆ ದಾರಿ ತೋರಿಸುವವನೇ ತನಗೆ ಬೇಕಾದ ಊರಿಗೆ ಕಳಿಸಿದಂತೆ. ‘ಡಿಎನ್‌ಎಸ್ ಚೇಂಜರ್’ ಎಂಬ ದುರುದ್ದೇಶದ ತಂತ್ರಾಂಶ ಈ ಉಪಾಯದಿಂದ ನಲವತ್ತು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ವಶಮಾಡಿಕೊಂಡಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಬಯಲು ಮಾಡಿತು.

ರೂಟರಿನ ಆಡಳಿತ ಪುಟಕ್ಕೆ ಹೋಗಿ ಡಿಎನ್‌ಎಸ್ ವಿಳಾಸವನ್ನು ಇಂಟರ್‌ನೆಟ್ ಕೊಟ್ಟವರು ಹೇಳಿದಂತೆ ಇಡಿ, ಆಡಳಿತದ ಪಾಸ್‌ವರ್ಡನ್ನು ಬದಲಿಸಿ. ಡಬ್ಬಿಯ ಹಿಂದೆ ಅಂಟಿಸಿದ ಪಾಸ್‌ವರ್ಡೇ ವರ್ಷಗಟ್ಟಲೆ ಇರುವ ಮನೆಗಳು ಬಹಳ. ಫ್ಯಾಕ್ಟರಿ ರಿಸೆಟ್ ಮಾಡುವುದಾದರೆ ಸಂಪರ್ಕದ ಯೂಸರ್ ನೇಮ್ ಮತ್ತು ಪಾಸ್‌ವರ್ಡನ್ನು ಕೇಬಲ್‌ನವರಿಂದ ಮೊದಲೇ ಬರೆದುಕೊಳ್ಳಿ. ತೊಂದರೆ ಒಂದೇ ಕಂಪ್ಯೂಟರಿನಲ್ಲಿದ್ದರೆ ವಿಂಡೋಸ್‌ನ ‘ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್’ ಒಳಗಿನ ‘ಪ್ರಾಕ್ಸಿ’ (ನಿಮ್ಮ ಸಂಪರ್ಕವನ್ನು ನಡುವಿನ ಇನ್ನೊಂದು ಕಂಪ್ಯೂಟರಿನ ಮೂಲಕ ಸಾಗಿಸುವ ಏರ್ಪಾಡು) ನೋಡಿ. ನೀವು ಹಾಕದ ಪ್ರಾಕ್ಸಿ ಅಥವಾ ಸೆಟಪ್ ಸ್ಕ್ರಿಪ್ಟ್ ಇದ್ದರೆ ಆಫ್ ಮಾಡಿ.

ಬ್ಯಾಂಕಿನ ಪುಟದ ಮೇಲೂ ಜಾಹೀರಾತು ಬಂತು. ಬೀಗದ ಗುರುತು ಇತ್ತಲ್ಲ?

ಬೀಗದ ಗುರುತು ಹೇಳುವುದು ದಾರಿಯ ಸುರಕ್ಷತೆಯನ್ನು. ಮನೆಯೊಳಗೆ ಕುಳಿತವನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎಕ್ಸ್‌ಟೆನ್ಷನ್ ಬ್ರೌಸರಿನ ಒಳಗೇ ಇರುವುದರಿಂದ ಬೀಗ ತೆರೆದ ಮೇಲಿನ ಪುಟವನ್ನು ಓದುತ್ತದೆ, ತಿದ್ದುತ್ತದೆ. ಬಹುಪಾಲು ಪ್ರಕರಣಗಳ ಕಾರಣ ಇದೇ. ಇನ್ನೂ ಗಂಭೀರವಾದದ್ದು ನಕಲಿ ರೂಟ್ ಸರ್ಟಿಫಿಕೇಟ್, ಅಂದರೆ ಯಾವ ಬೀಗದ ಗುರುತನ್ನು ನಂಬಬೇಕೆಂದು ಕಂಪ್ಯೂಟರಿಗೆ ಹೇಳುವ ಮೂಲ ಪ್ರಮಾಣಪತ್ರದ ನಕಲಿ. 2015ರ ಫೆಬ್ರುವರಿಯಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಖಾನೆಯಿಂದಲೇ ಬಂದ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ ಹೀಗೆ ಬೀಗ ಹಾಕಿದ ಪುಟಗಳ ನಡುವೆ ನುಸುಳುತ್ತಿದ್ದುದು ಬೆಳಕಿಗೆ ಬಂತು. ಆಮೇಲೆ ಕಂಪನಿಯೇ ಅದನ್ನು ತೆಗೆಯುವ ಸಾಧನ ಕೊಟ್ಟಿತು. ಪರೀಕ್ಷಿಸಲು, ವಿಳಾಸದ ಎಡಗಡೆಯ ಗುರುತನ್ನು ಒತ್ತಿ ಸರ್ಟಿಫಿಕೇಟ್ ಕೊಟ್ಟವರು ಯಾರೆಂದು ನೋಡಿ, ಮೊಬೈಲ್ ಡೇಟಾದಲ್ಲಿರುವ ಇನ್ನೊಂದು ಯಂತ್ರದಲ್ಲಿ ಅದೇ ಪುಟದ ಹೆಸರಿನೊಂದಿಗೆ ಹೋಲಿಸಿ. ನಿಮ್ಮ ಆ್ಯಂಟಿವೈರಸ್‌ನ ಹೆಸರಿದ್ದರೆ ಅದು ಪರಿಶೀಲನೆಗಾಗಿ ಮಾಡಿಕೊಂಡ ಏರ್ಪಾಡು. ಅಪರಿಚಿತ ಹೆಸರಿದ್ದರೆ ಆ ಯಂತ್ರದಲ್ಲಿ ಹಣದ ವ್ಯವಹಾರವನ್ನು ಕೂಡಲೇ ನಿಲ್ಲಿಸಿ.

ಇಷ್ಟೆಲ್ಲಾ ಯಾಕ, ಫಾರ್ಮ್ಯಾಟ್ ಹೊಡೆದುಬಿಡ್ರಿ.

ದುರಸ್ತಿ ಮಾಡುವವನಿಗೆ ಫಾರ್ಮ್ಯಾಟ್ ಸುಲಭ, ಯಂತ್ರದ ಒಡೆಯನಿಗೆ ಅದು ದುಬಾರಿ. ಬೇರೊಂದು ಅಂಗಡಿಯಲ್ಲಿ ಕೇಳದೆ ಫಾರ್ಮ್ಯಾಟ್ ಮಾಡಿದ್ದರಿಂದ ಮೂರು ವರ್ಷದ ಲೆಕ್ಕ ಕಳೆದುಕೊಂಡ ಗಿರಣಿಯವರೊಬ್ಬರು ನನ್ನ ಮುಂದೆ ಕಣ್ಣೀರು ಹಾಕಿದ್ದನ್ನು ನಾನು ಮರೆತಿಲ್ಲ. ಕೇವಲ ಜಾಹೀರಾತಿಗಾಗಿ ಫಾರ್ಮ್ಯಾಟ್ ಬೇಕಾಗುವುದು ಅಪರೂಪ. ಆದರೆ ಆಫ್‌ಲೈನ್ ಸ್ಕ್ಯಾನ್ ಪಾಸ್‌ವರ್ಡ್ ಕದಿಯುವಂಥ ತಂತ್ರಾಂಶ ಇದೆ ಎಂದರೆ, ಅಪರಿಚಿತ ರೂಟ್ ಸರ್ಟಿಫಿಕೇಟ್ ಸಿಕ್ಕರೆ, ಅಥವಾ ನಕಲಿ ಆ್ಯಕ್ಟಿವೇಟರಿನ ಮೇಲೆ ನಿಂತ ವಿಂಡೋಸ್ ಆಗಿದ್ದರೆ ಅದೇ ಸರಿ. ಆಗ ಲೆಕ್ಕದ ಡೇಟಾ, ದಾಖಲೆ, ಫೋಟೋಗಳನ್ನು ಎರಡು ಕಡೆ ಇಟ್ಟು, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಹಳೆಯ ಇನ್‌ಸ್ಟಾಲ್ ಕಡತಗಳನ್ನು ಮರಳಿ ತರಬೇಡಿ. ವಿಂಡೋಸ್ 7 ಇದ್ದರೆ ಕ್ರೋಮ್ 109ನೇ ಆವೃತ್ತಿಗೇ ಅಲ್ಲಿ ನಿಂತಿದೆ, ಅದನ್ನೇ ಮತ್ತೆ ಹಾಕಿಸುವುದರಲ್ಲಿ ಅರ್ಥವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

## ಸ್ವಚ್ಛವಾದ ಮೇಲೆ

ಪಾಸ್‌ವರ್ಡ್ ಎಲ್ಲಾ ಬದಲಿಸಬೇಕಾ?

ನೋಟಿಫಿಕೇಷನ್ ಮಾತ್ರ ಇದ್ದಿದ್ದರೆ ಬೇಕಿಲ್ಲ. ಎಕ್ಸ್‌ಟೆನ್ಷನ್ ಅಥವಾ ಪ್ರೋಗ್ರಾಂ ಸಿಕ್ಕಿದ್ದರೆ ಬದಲಿಸಬೇಕು, ಯಂತ್ರ ಸ್ವಚ್ಛವಾದ ಮೇಲೆ ಅಥವಾ ಬೇರೆ ಯಂತ್ರದಿಂದ. ಮೊದಲು ಇಮೇಲ್, ಏಕೆಂದರೆ ಉಳಿದೆಲ್ಲ ಖಾತೆಗಳ ಬೀಗ ಬದಲಿಸುವ ದಾರಿ ಅದರಲ್ಲಿದೆ, ನಂತರ ಬ್ಯಾಂಕು. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆಯನ್ನೂ ಬಳಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗಳೂ ಇವೆ.

ನಮ್ಮದು ಆನ್‌ಲೈನ್ ಸೆಂಟರ್. ದಿನಕ್ಕೆ ಐವತ್ತು ಜನ ಮುಟ್ಟುತ್ತಾರೆ, ಹೇಗೆ ಕಾಪಾಡೋದು?

ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ‘ಸ್ಟ್ಯಾಂಡರ್ಡ್’ ಖಾತೆಯನ್ನು ಬಳಸಿ, ಅಡ್ಮಿನ್ ಪಾಸ್‌ವರ್ಡ್ ಒಡೆಯನ ಬಳಿ ಮಾತ್ರ ಇರಲಿ. ಇಡೀ ಯಂತ್ರಕ್ಕೆ ಅನ್ವಯಿಸುವ ಪಾಲಿಸಿ ಬರೆಯಲು ಆ್ಯಡ್‌ವೇರ್‌ಗೆ ಅಡ್ಮಿನ್ ಅಧಿಕಾರ ಬೇಕು, ಹೀಗಾಗಿ ಇದೊಂದರಿಂದಲೇ ಬಹಳಷ್ಟು ನಿಲ್ಲುತ್ತದೆ. ಗ್ರಾಹಕರ ಕೆಲಸವನ್ನು ಕ್ರೋಮಿನ ‘ಗೆಸ್ಟ್’ ಕಿಟಕಿಯಲ್ಲಿ ಮಾಡಿ. ಅಲ್ಲಿ ನಿಮ್ಮ ಪ್ರೊಫೈಲಿನ ಎಕ್ಸ್‌ಟೆನ್ಷನ್ ಓಡುವುದಿಲ್ಲ, ಮುಚ್ಚಿದ ಮೇಲೆ ಲಾಗಿನ್ ಉಳಿಯುವುದಿಲ್ಲ. ಡೌನ್‌ಲೋಡ್ ಫೋಲ್ಡರನ್ನು ಸಂಜೆ ಬಾಗಿಲು ಹಾಕುವ ಮುನ್ನ ಖಾಲಿ ಮಾಡಿ.

ಪೂರಾ ಹೋಗೈತಿ ಅಂತ ಯಾವಾಗ ನಂಬಬೇಕು?

ಒಂದು ವಾರ ನೋಡಿ. ಯಂತ್ರವನ್ನು ‘ಶಟ್‌ಡೌನ್’ ಮಾಡುವುದರ ಜೊತೆಗೆ ಎರಡು ಮೂರು ಸಲ ‘ರಿಸ್ಟಾರ್ಟ್’ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್‌ನಿಂದಾಗಿ ಎರಡೂ ಒಂದೇ ಅಲ್ಲ. ಪ್ರತಿ ಸಲ ಎಕ್ಸ್‌ಟೆನ್ಷನ್ ಪಟ್ಟಿ, ನೋಟಿಫಿಕೇಷನ್ ಪಟ್ಟಿ, ಹುಡುಕುತಾಣ, ಪಾಲಿಸಿ ಪುಟ ಈ ನಾಲ್ಕನ್ನು ನೋಡಿ. ನಂತರ ಆ್ಯಡ್‌ಡಬ್ಲ್ಯುಕ್ಲೀನರನ್ನು ಮತ್ತೊಮ್ಮೆ ಓಡಿಸಿ. ಸಿಂಕ್ ಆನ್ ಮಾಡಿ ಇನ್ನೆರಡು ದಿನ ಕಳೆದರೂ ನಾಲ್ಕೂ ಬದಲಾಗದೆ ಉಳಿದರೆ ನಾನು ಯಂತ್ರವನ್ನು ಗ್ರಾಹಕರ ಕೈಗೆ ಕೊಟ್ಟು, ಸ್ವಚ್ಛವಾದ ದಿನಾಂಕವನ್ನು ಅದರ ಕೆಳಗೆ ಬರೆದು ಅಂಟಿಸುತ್ತೇನೆ. ಮುಂದೆಂದಾದರೂ ತೊಂದರೆ ಮರುಕಳಿಸಿದರೆ, ಆ ದಿನಾಂಕದ ನಂತರ ಬಂದ ಪ್ರೋಗ್ರಾಂಗಳನ್ನಷ್ಟೇ ಮೊದಲು ನೋಡಿದರೆ ಸಾಕಾಗುತ್ತದೆ.